ಸನ್ನದಿಲ್ಲದ ರಾಯಭಾರಿ: ಸುಬೇದಾರ ದೀನ್ ಮಹಮ್ಮದ್

ಪ್ರಾಚೀನ ಗ್ರೀಸಿನ ನಗರರಾಜ್ಯಗಳಲ್ಲಿ ‘ಪ್ರಾಕ್ಸೆನೋಸ್’ ಎಂಬ ಗೌರವ ಪದವಿಯೊಂದಿತ್ತು. ಸ್ಪಾರ್ಟಾದ ಪ್ರಜೆಯೊಬ್ಬನು ಅಥೆನ್ಸಿಗೆ ಬಂದನೆನ್ನಿ. ಅಲ್ಲಿ ಅವನಿಗೆ ಮನೆಯಿಲ್ಲ, ಬಂಧುಗಳಿಲ್ಲ, ಕಷ್ಟ ಬಂದಾಗ ಅವನ ಪರವಾಗಿ ಮಾತನಾಡುವವರೂ ಇಲ್ಲ. ಆದುದರಿಂದ ಸ್ಪಾರ್ಟಾವು ಅಥೆನ್ಸಿನ ಪ್ರಜೆಯೊಬ್ಬನನ್ನೇ ತನ್ನ ಹಿತರಕ್ಷಕನನ್ನಾಗಿ ಆರಿಸಿಕೊಳ್ಳುತ್ತಿತ್ತು. ಅವನು ಸ್ಪಾರ್ಟಾದಿಂದ ಬಂದವರಿಗೆ ತನ್ನ ಮನೆಯಲ್ಲಿ ಆಶ್ರಯ ನೀಡಬೇಕು, ತನ್ನ ಪಂಕ್ತಿಯಲ್ಲಿ ಉಣಬಡಿಸಬೇಕು, ಎರಡು ನಗರಗಳ ನಡುವೆ ವೈಮನಸ್ಯ ಉಂಟಾದಾಗ ಸಂಧಾನಕ್ಕೆ ನಿಲ್ಲಬೇಕು. ಇದಕ್ಕೆ ಸಂಬಳವಿರಲಿಲ್ಲ. ಖರ್ಚೆಲ್ಲ ಅವನದೇ.

ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಥೆನ್ಸಿನಲ್ಲಿ ಸ್ಪಾರ್ಟಾದ ಪ್ರಾಕ್ಸೆನೋಸ್ ಆಗಿದ್ದವನು ಕೀಮೋನ್ ಎಂಬ ಸೇನಾನಾಯಕ. ಪರ್ಷಿಯನ್ನರ ವಿರುದ್ಧ ಹೋರಾಡಿ ಗೆದ್ದ ಈ ವೀರನು ತನ್ನ ತೋಟಗಳ ಬೇಲಿಯನ್ನು ತೆಗೆಸಿ, ಹಸಿದವರು ಯಾರಾದರೂ ಹಣ್ಣು ಕೊಯ್ದುಕೊಳ್ಳಲೆಂದು ಬಿಟ್ಟಿದ್ದನೆಂದೂ, ಅವನ ಮನೆಯಲ್ಲಿ ದಿನವೂ ಬಡವರಿಗೆ ಊಟ ಸಿದ್ಧವಾಗಿರುತ್ತಿತ್ತೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಇಷ್ಟಾದರೂ ಕೊನೆಗೆ ಏನಾಯಿತು? ಇವನು ಸ್ಪಾರ್ಟಾದ ಕಡೆಗೇ ವಾಲಿದವನೆಂದು ಅಥೆನ್ಸಿನವರು ಸಂದೇಹಪಟ್ಟರು. ಕ್ರಿ.ಪೂ. 461ರಲ್ಲಿ ಅವನನ್ನು ನಗರದಿಂದ ಹೊರಗೆ ಹಾಕಿದರು.

ಇಂದಿನ ‘ಗೌರವ ಕಾನ್ಸುಲ್’ ಎಂಬ ಪದವಿಯು ಈ ಹಳೆಯ ಪದ್ಧತಿಯನ್ನೇ ನೆನಪಿಗೆ ತರುತ್ತದೆ. 1963ರ ಏಪ್ರಿಲ್ 24ರಂದು ಅಂಗೀಕೃತವಾಗಿ 1967ರಲ್ಲಿ ಜಾರಿಗೆ ಬಂದ ವಿಯೆನ್ನಾ ಒಪ್ಪಂದವು ಕಾನ್ಸುಲರಲ್ಲಿ ಎರಡು ವರ್ಗಗಳನ್ನು ಗುರುತಿಸಿದೆ. ಮೊದಲನೆಯವರು ಸರ್ಕಾರದ ಸಂಬಳ ಪಡೆಯುವ ವೃತ್ತಿಪರ ಅಧಿಕಾರಿಗಳು. ಎರಡನೆಯವರು ತಮ್ಮದೇ ಉದ್ಯೋಗದಲ್ಲಿದ್ದುಕೊಂಡು, ಪರದೇಶವೊಂದರ ಪ್ರಜೆಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಗೌರವ ಕಾನ್ಸುಲರು. ಇಂಥವರನ್ನು ನೇಮಿಸುವುದೂ ಸ್ವೀಕರಿಸುವುದೂ ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ವ್ಯಾಪಾರಿಗಳು, ಹೋಟೆಲು ನಡೆಸುವವರು, ನಿವೃತ್ತ ಸೇನಾಧಿಕಾರಿಗಳು ಈ ಕೆಲಸಕ್ಕೆ ಆಯ್ಕೆಯಾಗುವುದುಂಟು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸೈನಿಕನಿಗೆ ಶಿಸ್ತು ಗೊತ್ತು, ಹೋಟೆಲಿನವನಿಗೆ ಅಪರಿಚಿತನನ್ನು ಬರಮಾಡಿಕೊಳ್ಳುವ ಬಗೆ ಗೊತ್ತು.

ಸೈನ್ಯ, ಅನ್ನ, ರಾಯಭಾರ ಈ ಮೂರೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಕೂಡಿಬಂದರೆ ಆ ಬಾಳು ಹೇಗಿರುತ್ತದೆ? ಇದನ್ನು ತಿಳಿಯಲು ನಾವು ಎರಡು ಶತಮಾನಗಳಷ್ಟು ಹಿಂದಕ್ಕೆ ಹೋಗಿ, ಪಾಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮಣ್ಣಾದ ಒಬ್ಬ ಭಾರತೀಯನನ್ನು ನೆನೆಯಬೇಕಾಗಿದೆ. ಅವರ ಹೆಸರು ದೀನ್ ಮಹಮ್ಮದ್. ಅವರಿಗೆ ಯಾವ ದೇಶವೂ ಸನ್ನದು ಕೊಡಲಿಲ್ಲ. ಕೊಡಲು ಆಗ ಭಾರತವೆಂಬ ಸ್ವತಂತ್ರ ರಾಷ್ಟ್ರವೇ ಇರಲಿಲ್ಲ.

ತಾಯಿಯ ಕಣ್ಣೀರು

ದೀನ್ ಮಹಮ್ಮದ್ ಹುಟ್ಟಿದ್ದು 1759ರಲ್ಲಿ, ಪ್ಲಾಸಿ ಕದನ ಮುಗಿದು ಎರಡು ವರ್ಷಗಳಾದ ಮೇಲೆ. ತಂದೆಯು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದರು. ತೆರಿಗೆ ಕೊಡಲೊಪ್ಪದ ಸ್ಥಳೀಯ ರಾಜನೊಬ್ಬನ ಮೇಲೆ ನಡೆದ ಕಾರ್ಯಾಚರಣೆಯಲ್ಲಿ 1769ರಲ್ಲಿ ಅವರು ಮಡಿದರು. ಬಂಗಾಳ, ಬಿಹಾರಗಳನ್ನು ಭೀಕರ ಕ್ಷಾಮವು ಕಾಡಿದ್ದೂ ಅದೇ ಕಾಲದಲ್ಲಿ. ತಂದೆಯಿಲ್ಲದ ಹತ್ತು ಹನ್ನೊಂದರ ಬಾಲಕನ ಕಣ್ಣಿಗೆ ಬಿದ್ದದ್ದು ಕಂಪನಿಯ ಸೈನಿಕರ ಕೆಂಪು ಅಂಗಿ. ಐರ್ಲೆಂಡಿನ ಕಾರ್ಕ್ ಪಟ್ಟಣದಿಂದ ಬಂದಿದ್ದ ಗಾಡ್‌ಫ್ರಿ ಬೇಕರ್ ಎಂಬ ತರುಣ ಸೈನ್ಯಾಧಿಕಾರಿಯ ಬೆನ್ನು ಹತ್ತಿ ಅವನು ಶಿಬಿರವನ್ನು ಸೇರಿದನು.

ತಾಯಿ ಸುಮ್ಮನಿರಲಿಲ್ಲ. ಮಗನನ್ನು ಮರಳಿ ಕರೆದೊಯ್ಯಲೆಂದು ಶಿಬಿರಕ್ಕೇ ಬಂದು ಅಂಗಲಾಚಿದಳು. ಬಾಲಕನು ಅವಳ ಜೊತೆಯಲ್ಲಿ ಹೋಗಲಿಲ್ಲ. ಆ ಅಗಲಿಕೆಯನ್ನು ದೀನ್ ಮಹಮ್ಮದರು ಮರೆಯಲಿಲ್ಲ. ವರ್ಷಗಳು ಉರುಳಿದ ಮೇಲೆ, ಸಾವಿರಾರು ಮೈಲಿ ದೂರದಲ್ಲಿ ಕುಳಿತು ಬರೆದ ತಮ್ಮ ಪುಸ್ತಕದಲ್ಲಿ ಅದನ್ನು ದಾಖಲಿಸಿದರು. ಮಕ್ಕಳನ್ನು ಸೈನ್ಯಕ್ಕೆ, ಹಡಗಿಗೆ, ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿಕೊಟ್ಟ ನಮ್ಮ ತಾಯಂದಿರಿಗೆ ಈ ಪ್ರಸಂಗವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಶಿಬಿರದ ಬಾಲಕನು ಬೆಳೆದು ಮೊದಲು ಸೈನ್ಯದ ಬಜಾರಿನ ಮೇಲ್ವಿಚಾರಕನಾದನು. ಸಾವಿರಾರು ಜನರ ದಂಡಿಗೆ ಅಕ್ಕಿ, ಗೋಧಿ, ಬೇಳೆಗಳನ್ನು ಹೊಂದಿಸುವ ಹೊಣೆ ಅದು. ಮುಂದೆ ಅನ್ನದ ವ್ಯಾಪಾರಕ್ಕೆ ಕೈಹಾಕಿದವರಿಗೆ ಇದೇ ಮೊದಲ ಪಾಠವಾಗಿತ್ತೆಂದು ನಮಗೆ ತೋರುತ್ತದೆ. ಆಮೇಲೆ ಅವರು ಜಮಾದಾರರಾದರು, ಸುಬೇದಾರರಾದರು. ಕಂಪನಿಯ ಸೈನ್ಯದಲ್ಲಿ ಭಾರತೀಯನೊಬ್ಬನು ಏರಬಹುದಾಗಿದ್ದ ಎತ್ತರವೇ ಅಷ್ಟು. 1781ರಲ್ಲಿ ಕಾಶಿಯ ರಾಜ ಚೇತ್‌ಸಿಂಗನ ದಂಗೆಯನ್ನು ಅಡಗಿಸಿದ ಪಡೆಗಳಲ್ಲಿ ಅವರೂ ಇದ್ದರು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ತನ್ನದೇ ನೆಲದ ಜನರ ಮೇಲೆ ಪರಕೀಯರ ಪರವಾಗಿ ಕತ್ತಿ ಹಿರಿದವನು ಆ ಜನರ ರಾಯಭಾರಿಯಾಗಬಲ್ಲನೆ? ‘ದೇಶದ್ರೋಹಿ’ ಎಂಬ ಪದವನ್ನು ಬಳಸಿ ಪ್ರಶ್ನೆಯನ್ನು ಮುಗಿಸಿಬಿಡುವುದು ಸುಲಭ. ಆದರೆ ಆ ಕಾಲದಲ್ಲಿ ಸಿಪಾಯಿಯ ನಿಷ್ಠೆಯು ಉಪ್ಪು ಕೊಟ್ಟವನಿಗೆ ಸಲ್ಲುತ್ತಿತ್ತು. ರಾಷ್ಟ್ರವೆಂಬ ಭಾವನೆ ಇನ್ನೂ ಮೂಡಿರಲಿಲ್ಲ. ಇದನ್ನು ಅವರ ಸಮರ್ಥನೆಗಾಗಿ ನಾವು ಹೇಳುತ್ತಿಲ್ಲ. ಅವರ ಬಾಳಿನ ಉಳಿದ ಭಾಗವನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಕಾರ್ಕ್ ಪಟ್ಟಣದ ಗ್ರಂಥಕರ್ತ

1782ರಲ್ಲಿ ಕ್ಯಾಪ್ಟನ್ ಬೇಕರರು ಸೈನ್ಯವನ್ನು ತೊರೆದರು. ದೀನ್ ಮಹಮ್ಮದರೂ ಅವರೊಂದಿಗೆ ರಾಜೀನಾಮೆಯಿತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಇತ್ತ ದಕ್ಷಿಣದಲ್ಲಿ ಹೈದರಾಲಿ ತೀರಿಕೊಂಡನು. 1784ರಲ್ಲಿ ಇಬ್ಬರೂ ಐರ್ಲೆಂಡಿನ ಕಾರ್ಕನ್ನು ತಲುಪಿದರು. ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ವರ್ಷವದು ಎಂದರೆ ನಮ್ಮ ಓದುಗರಿಗೆ ಕಾಲದ ಅಂದಾಜು ಸಿಕ್ಕೀತು.

ಇಪ್ಪತ್ತೈದರ ಹರೆಯದಲ್ಲಿ ಈ ನಿವೃತ್ತ ಸುಬೇದಾರರು ಇಂಗ್ಲಿಷ್ ಕಲಿಯಲು ಶಾಲೆಗೆ ಸೇರಿದರು. ಅಲ್ಲಿ ಜೇನ್ ಡೇಲಿ ಎಂಬ ಐರಿಷ್ ತರುಣಿಯ ಪರಿಚಯವಾಗಿ, 1786ರಲ್ಲಿ ಅವರಿಬ್ಬರೂ ಮನೆಬಿಟ್ಟು ಹೋಗಿ ಮದುವೆಯಾದರು. ಮದುವೆಗಾಗಿ ಅವರು ಆಂಗ್ಲಿಕನ್ ಸಭೆಯನ್ನು ಸೇರಬೇಕಾಯಿತು. ಅಂದಿನ ಐರ್ಲೆಂಡಿನ ಕಾನೂನು ಅಂಥದು. ಆ ದೇಶದ ಬಹುಸಂಖ್ಯಾತ ಕಥೋಲಿಕರೇ ಆಗ ತಮ್ಮ ನೆಲದಲ್ಲಿ ಮತದಾನದ ಹಕ್ಕಿಲ್ಲದೆ, ಸರ್ಕಾರಿ ಪದವಿಗಳಿಲ್ಲದೆ, ದಂಡನಾ ಕಾನೂನುಗಳ ಅಡಿಯಲ್ಲಿ ಬದುಕುತ್ತಿದ್ದರು. ಪರಕೀಯರ ಆಳ್ವಿಕೆಯೆಂದರೇನೆಂಬುದನ್ನು ಭಾರತದಲ್ಲಿ ಒಂದು ಕಡೆಯಿಂದ ನೋಡಿದ್ದ ಅವರಿಗೆ ಐರ್ಲೆಂಡಿನಲ್ಲಿ ಅದರ ಇನ್ನೊಂದು ಮುಖವನ್ನು ನೋಡುವ ಅವಕಾಶ ಒದಗಿತು. ಸಭೆ ಬದಲಾದರೂ ಅವರು ತಮ್ಮ ಹೆಸರನ್ನು ಬದಲಿಸಲಿಲ್ಲ. ಮಹಮ್ಮದ್ ಎಂಬ ಹೆಸರಿನಿಂದಲೇ ಬಾಳಿದರು. ಮಕ್ಕಳು ಮೊಮ್ಮಕ್ಕಳಿಗೂ ಅದನ್ನೇ ಉಳಿಸಿದರು.

1794ರಲ್ಲಿ ಅವರ ಪ್ರವಾಸಕಥನವು ಕಾರ್ಕಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಇದು ಇಂದು ಮಾನ್ಯವಾಗಿದೆ. ಕಲ್ಪಿತ ಮಿತ್ರನೊಬ್ಬನಿಗೆ ಬರೆದ 38 ಪತ್ರಗಳ ರೂಪದಲ್ಲಿರುವ ಈ ಕೃತಿಗೆ ಮುನ್ನೂರಕ್ಕೂ ಹೆಚ್ಚು ಮಂದಿ ಮುಂಗಡ ಕೊಟ್ಟು ಚಂದಾದಾರರಾಗಿದ್ದರು. ಭಾರತದಲ್ಲಿ ಕೊಳ್ಳೆ ಹೊಡೆದು ಬಂದವರ ಕತೆಗಳನ್ನಷ್ಟೇ ಕೇಳಿದ್ದ ಜನರಿಗೆ ಅವರು ಪಾಟ್ನಾ, ಕಾಶಿ, ದೆಹಲಿ, ಢಾಕಾ ಮೊದಲಾದ ಊರುಗಳನ್ನೂ, ಅಲ್ಲಿನ ಮದುವೆ, ಮರಣ, ಹಬ್ಬಹರಿದಿನಗಳನ್ನೂ, ತಾಂಬೂಲದ ಮರ್ಯಾದೆಯನ್ನೂ ವಿವರಿಸಿದರು. ಕಂಪನಿಯ ಯುದ್ಧಗಳ ವರ್ಣನೆಯಲ್ಲಿ ಕಂಪನಿಯ ಪಕ್ಷವನ್ನು ಬಿಡಲಿಲ್ಲ. ತಮ್ಮ ಜನರ ನಡೆನುಡಿಗಳ ವರ್ಣನೆಯಲ್ಲಿ ಅವರ ಘನತೆಯನ್ನೂ ಬಿಟ್ಟುಕೊಡಲಿಲ್ಲ. ಹೀಗೆ ಎರಡು ದಡಗಳ ಮೇಲೆ ಒಂದೊಂದು ಕಾಲನ್ನಿಟ್ಟು ನಿಲ್ಲುವುದು ಸುಲಭದ ಕೆಲಸವಲ್ಲ.

ಜಾರ್ಜ್ ಬೀದಿಯ ಊಟದ ಮನೆ

ಕಾರ್ಕಿನಲ್ಲಿ ಎರಡು ದಶಕಗಳಿಗೂ ಮಿಕ್ಕಿ ನೆಲಸಿದ ಬಳಿಕ, ಸುಮಾರು 1807ರಲ್ಲಿ, ಅವರು ಕುಟುಂಬದೊಡನೆ ಲಂಡನ್ನಿಗೆ ಬಂದರು. ಭಾರತದಲ್ಲಿ ಕಂಪನಿಯ ಸೇವೆಯಲ್ಲಿದ್ದು ಅಪಾರ ಧನ ಗಳಿಸಿ ಮರಳಿದ್ದ ಬೇಸಿಲ್ ಕಾಕ್ರನ್ ಎಂಬ ಶ್ರೀಮಂತನು ಪೋರ್ಟ್‌ಮನ್ ಚೌಕದ ತನ್ನ ಬಂಗಲೆಯಲ್ಲಿ ಹಬೆಯ ಸ್ನಾನಗೃಹವೊಂದನ್ನು ಇಟ್ಟಿದ್ದನು. ದೀನ್ ಮಹಮ್ಮದರು ಅಲ್ಲಿ ಕೆಲಸಕ್ಕೆ ನಿಂತರು. ಆ ಬಡಾವಣೆಯ ತುಂಬ ಭಾರತದಿಂದ ಮರಳಿದ ಸಾಹೇಬರೇ. ಅವರಿಗೆ ಭಾರತದ ಊಟದ ರುಚಿ ಹತ್ತಿತ್ತು.

ಇದನ್ನು ಗಮನಿಸಿದ ದೀನ್ ಮಹಮ್ಮದರು 1810ರಲ್ಲಿ ಜಾರ್ಜ್ ಬೀದಿಯಲ್ಲಿ ‘ಹಿಂದೂಸ್ತಾನಿ ಕಾಫಿಹೌಸ್’ ಎಂಬ ಹೋಟೆಲನ್ನು ತೆರೆದರು. ಹೆಸರಿಗೆ ಕಾಫಿಹೌಸ್, ಬಡಿಸುತ್ತಿದ್ದುದು ಭಾರತದ ಅನ್ನ, ಪಲ್ಯ, ಸಾರುಗಳ ಬಗೆಬಗೆಯ ಅಡುಗೆ. ಬೆತ್ತದ ಕುರ್ಚಿಗಳು, ಗೋಡೆಗಳ ಮೇಲೆ ಭಾರತದ ದೃಶ್ಯಗಳ ಚಿತ್ರಗಳು, ಹುಕ್ಕಾ ಸೇದುವವರಿಗೆ ಪ್ರತ್ಯೇಕ ಕೊಠಡಿ. ಲಂಡನ್ನಿನ ಕೆಲವು ಕಾಫಿಹೌಸುಗಳಲ್ಲಿ ‘ಕರಿ’ ಎಂಬ ಪದಾರ್ಥವು ಮೊದಲೇ ದೊರೆಯುತ್ತಿತ್ತು. ಆದರೆ ಭಾರತೀಯನೇ ಒಡೆಯನಾಗಿ, ಭಾರತದ ಊಟಕ್ಕಾಗಿಯೇ ನಡೆಸಿದ ಹೋಟೆಲು ಬ್ರಿಟನ್ನಿನಲ್ಲಿ ಇದೇ ಮೊದಲನೆಯದು.

ಹೋಟೆಲಿಗೆ ಹೊಗಳಿಕೆ ಬಂತು, ಹಣ ಬರಲಿಲ್ಲ. ಕಾರಣಗಳು ಇಂದಿಗೂ ನಮಗೆ ಅರ್ಥವಾಗುವಂಥವು. ಸಿರಿವಂತ ಸಾಹೇಬರಲ್ಲಿ ಹಲವರು ಭಾರತದಿಂದಲೇ ಅಡುಗೆಯವರನ್ನು ಕರೆತಂದಿದ್ದರು. ಅವರಿಗೆ ಹೊರಗೆ ಉಣ್ಣುವ ಅಗತ್ಯವಿರಲಿಲ್ಲ. ವ್ಯಾಪಾರಿಗಳು ಸೇರುವ ನಗರದ ಕೇಂದ್ರದಿಂದ ಜಾರ್ಜ್ ಬೀದಿಯು ದೂರವಿತ್ತು. ಅಲಂಕಾರಕ್ಕೆ ಹಾಕಿದ ಬಂಡವಾಳವೋ ದೊಡ್ಡದು. ಎರಡೇ ವರ್ಷಗಳಲ್ಲಿ, 1812ರಲ್ಲಿ, ದೀನ್ ಮಹಮ್ಮದರು ದಿವಾಳಿಯಾದರು. ಹೋಟೆಲು ಬೇರೆಯವರ ಕೈಸೇರಿ ಇನ್ನೂ ಕೆಲಕಾಲ ನಡೆಯಿತು. ಅದನ್ನು ಕಟ್ಟಿದವರ ಪಾಲಿಗೆ ಉಳಿದದ್ದು ಸಾಲ.

1813ರಲ್ಲಿ ಅವರು ಪತ್ರಿಕೆಯಲ್ಲಿ ಒಂದು ಜಾಹೀರಾತನ್ನು ಹಾಕಿಸಿದರು. ಶ್ರೀಮಂತರ ಮನೆಯಲ್ಲಿ ಪರಿಚಾರಕನ ಕೆಲಸ ಬೇಕಾಗಿದೆ, ಪಟ್ಟಣವಾದರೂ ಸರಿ, ಹಳ್ಳಿಯಾದರೂ ಸರಿ ಎಂಬುದು ಅದರ ತಾತ್ಪರ್ಯ. ಸುಬೇದಾರನಾಗಿದ್ದವನು, ಗ್ರಂಥಕರ್ತನಾಗಿದ್ದವನು, ಹೋಟೆಲಿನ ಯಜಮಾನನಾಗಿದ್ದವನು ಐವತ್ತನಾಲ್ಕರ ವಯಸ್ಸಿನಲ್ಲಿ, ಹೆಂಡತಿ ಮಕ್ಕಳ ಹೊಟ್ಟೆಪಾಡಿಗಾಗಿ ಚಾಕರಿಗೆ ಅರ್ಜಿ ಹಾಕಿದನು. ಅವರ ಇಡೀ ಬಾಳಿನಲ್ಲಿ ನಮ್ಮನ್ನು ಹೆಚ್ಚು ತಟ್ಟುವುದು ಆ ನಾಲ್ಕು ಸಾಲಿನ ಜಾಹೀರಾತೇ.

ಇಬ್ಬರು ದೊರೆಗಳ ವೈದ್ಯೋಪಚಾರಕ

1814ರಲ್ಲಿ ಅವರು ಕಡಲತೀರದ ಬ್ರೈಟನ್ನಿಗೆ ಹೋದರು. ಆರೋಗ್ಯಕ್ಕಾಗಿ ಶ್ರೀಮಂತರು ಬಂದು ತಂಗುತ್ತಿದ್ದ ಊರದು. ಅಲ್ಲಿ ಭಾರತದ ಗಿಡಮೂಲಿಕೆಗಳ ಹಬೆಯ ಸ್ನಾನವನ್ನೂ, ‘ಚಂಪಿ’ಯನ್ನೂ, ಎಂದರೆ ಅಂಗಮರ್ದನವನ್ನೂ ಆರಂಭಿಸಿದರು. ಇಂದು ನಾವು ತಲೆಗೂದಲು ತೊಳೆಯಲು ಬಳಸುವ ಶಾಂಪೂವಿನ ಹೆಸರು ಈ ‘ಚಂಪಿ’ಯಿಂದಲೇ ಬಂದದ್ದು. ಮೊದಮೊದಲು ಅವರ ಬಣ್ಣವನ್ನೂ ಉಪಚಾರವನ್ನೂ ಜನರು ಶಂಕಿಸಿದರು. ಕ್ರಮೇಣ ಕೀಲುನೋವು, ವಾತರೋಗಗಳಿಂದ ಬಳಲುತ್ತಿದ್ದವರು ಗುಣ ಕಂಡರು. ಮೈನೆಟ್ಟಗಾದವರು ಬಿಟ್ಟುಹೋದ ಊರುಗೋಲುಗಳನ್ನು ಅವರು ಸ್ನಾನಗೃಹದ ಹಜಾರದಲ್ಲಿ ತೂಗುಹಾಕಿದ್ದರು. ವೇಲಾಂಕಣಿಯಂಥ ಪುಣ್ಯಕ್ಷೇತ್ರಗಳಲ್ಲಿ ಹರಕೆಯ ಒಪ್ಪಿಗೆಗಳನ್ನು ಕಂಡ ನಮ್ಮ ಓದುಗರಿಗೆ ಆ ಹಜಾರದ ನೋಟವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

1821ರಲ್ಲಿ ಕಡಲಿಗೆ ಮುಖಮಾಡಿ ‘ಮಹಮ್ಮದರ ಸ್ನಾನಗೃಹ’ವು ತಲೆಯೆತ್ತಿತು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳಿಗೆ ಅವರು ಅಂಗಮರ್ದನದ ವೈದ್ಯರಾಗಿ ನೇಮಕಗೊಂಡರು. ರಾಜ್ಯವಿಲ್ಲದ, ದೂತಾವಾಸವಿಲ್ಲದ ಭಾರತೀಯನೊಬ್ಬನು ಆಸ್ಥಾನದ ಉಡುಪು ತೊಟ್ಟು ಇಂಗ್ಲೆಂಡಿನ ಅರಮನೆಯೊಳಗೆ ನಡೆದುಹೋದನು. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಗೌರವ ರಾಯಭಾರವಿರಲಾರದು.

ಆದರೆ ಒಂದು ಮಾತನ್ನು ಮರೆಮಾಚಬಾರದು. ತಾವು ಪೂರ್ಣ ವೈದ್ಯಶಿಕ್ಷಣ ಪಡೆದವರೆಂದು ತೋರಿಸಿಕೊಳ್ಳುವುದಕ್ಕಾಗಿ ಅವರು ತಮ್ಮ ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿ 1749 ಎಂದು ಬರೆದರು. ಆ ಹತ್ತು ವರ್ಷಗಳಲ್ಲಿ ವೈದ್ಯಶಿಕ್ಷಣ ನಡೆಯಿತೆಂದು ಲೆಕ್ಕ ಕೊಟ್ಟರು. ಬ್ರೈಟನ್ನಿನ ಸಂತ ನಿಕೋಲಾಸರ ದೇವಾಲಯದ ಅಂಗಳದಲ್ಲಿರುವ ಅವರ ಸಮಾಧಿಗಲ್ಲು, 1851ರ ಫೆಬ್ರವರಿ 24ರಂದು ನಿಧನರಾದ ಅವರಿಗೆ 101 ವರ್ಷವೆಂದು ಹೇಳುತ್ತದೆ. ನಿಜವಾಗಿ ಅವರು ತೊಂಬತ್ತರ ಆಸುಪಾಸಿನಲ್ಲಿದ್ದರು. ಸುಳ್ಳು ಸುಳ್ಳೇ. ಆದರೆ ಕೈಯ ಗುಣವು ಕಣ್ಣೆದುರಿಗಿದ್ದರೂ ಕಾಗದವಿಲ್ಲವೆಂದು ಪರದೇಶಿಯನ್ನು ನಂಬದ ಸಮಾಜಕ್ಕೂ ಆ ಸುಳ್ಳಿನಲ್ಲಿ ಪಾಲಿದೆಯೆಂಬುದನ್ನು ನಾವು ಒಪ್ಪಬೇಕಾಗುತ್ತದೆ.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ವಿಕ್ಟೋರಿಯಾ ರಾಣಿಗೆ ಬ್ರೈಟನ್ ರುಚಿಸಲಿಲ್ಲ, ಶ್ರೀಮಂತರ ವಾಡಿಕೆ ಬದಲಾಯಿತು. 1840ರ ದಶಕದಲ್ಲಿ ಕಡಲತೀರದ ಸ್ನಾನಗೃಹವು ಅವರ ಕೈತಪ್ಪಿತು. ಎಂಬತ್ತು ದಾಟಿದ ವೃದ್ಧರು ಸಣ್ಣ ಮನೆಯೊಂದರಲ್ಲಿ ಅದೇ ಕೆಲಸವನ್ನು ಮುಂದುವರಿಸಿದರು. ಜೇನ್ 1850ರಲ್ಲಿ ತೀರಿಕೊಂಡರು. ಮರುವರ್ಷ ಅವರೂ ಹೋದರು. ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯರಾಗಿ, ರಕ್ತದೊತ್ತಡದ ಕುರಿತು ಮಹತ್ವದ ಸಂಶೋಧನೆ ನಡೆಸಿ 1884ರಲ್ಲಿ ಎಳೆಯ ಪ್ರಾಯದಲ್ಲಿಯೇ ಅಗಲಿದರು.

ಮರೆವಿನಿಂದ ಮರಳಿದ ಹೆಸರು

ನೂರಕ್ಕೂ ಹೆಚ್ಚು ವರ್ಷ ಲೋಕವು ಅವರನ್ನು ಮರೆತಿತ್ತು. ಮೈಕೇಲ್ ಫಿಶರ್ ಎಂಬ ಇತಿಹಾಸಕಾರರು 1996ರಲ್ಲಿ ಅವರ ಜೀವನವನ್ನೂ ಕೃತಿಯನ್ನೂ ಪುನಃ ಬೆಳಕಿಗೆ ತಂದರು. 2005ರಲ್ಲಿ ಜಾರ್ಜ್ ಬೀದಿಯಲ್ಲಿ ಸ್ಮಾರಕ ಫಲಕವನ್ನು ಹಾಕಲಾಯಿತು. ಅವರ ದಿವಾಳಿಯ 114 ವರ್ಷಗಳ ಬಳಿಕ, 1926ರಲ್ಲಿ, ಲಂಡನ್ನಿನ ರೀಜೆಂಟ್ ಬೀದಿಯ ಬಳಿ ‘ವೀರಸ್ವಾಮಿ’ ಎಂಬ ಭಾರತೀಯ ಹೋಟೆಲು ಆರಂಭವಾಗಿ ಬಹುಕಾಲ ಬಾಳಿತು. ಇಂದು ಬ್ರಿಟನ್ನಿನ ಯಾವ ಪಟ್ಟಣಕ್ಕೆ ಹೋದರೂ ಭಾರತೀಯ ಊಟ ದೊರೆಯುತ್ತದೆ. ಮೊದಲು ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ.

ಈ ಬಾಳಿನಿಂದ ನಮ್ಮ ಕುಟುಂಬಗಳು ತಿಳಿಯಬೇಕಾದುದೇನು? ನಮ್ಮ ಧರ್ಮಕೇಂದ್ರಗಳಲ್ಲಿ ಸೈನ್ಯದಿಂದ ನಲವತ್ತರ ಪ್ರಾಯಕ್ಕೇ ನಿವೃತ್ತರಾಗಿ ಬಂದವರಿದ್ದಾರೆ. ಪರದೇಶದಲ್ಲಿ ದುಡಿದ ಹಣವನ್ನು ತಂದು ಊರಿನಲ್ಲಿ ಹೋಟೆಲಿಗೆ ಹಾಕಿದವರಿದ್ದಾರೆ. ಕೆಲವರು ಗೆದ್ದಿದ್ದಾರೆ, ಕೆಲವರು ಸೋತಿದ್ದಾರೆ. ಸೋತವನು ಮದುವೆ ಮನೆಗೆ ಬರಲು ಹಿಂಜರಿಯುತ್ತಾನೆ, ಭಾನುವಾರದ ಪೂಜೆಯಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾನೆ. ಅವನ ಬೆನ್ನ ಹಿಂದೆ ನಾವು ಆಡುವ ಮಾತುಗಳೇ ಅದಕ್ಕೆ ಕಾರಣ. ಐವತ್ತನಾಲ್ಕರಲ್ಲಿ ಚಾಕರಿಗೆ ಅರ್ಜಿ ಹಾಕಿದವನು ಅರುವತ್ತೆರಡರಲ್ಲಿ ತನ್ನದೇ ಸ್ನಾನಗೃಹದ ಒಡೆಯನಾದನೆಂಬುದನ್ನು ಅಂಥವರಿಗೆ ತಿಳಿಸಿ ಹೇಳುವುದು ನಮ್ಮ ಕರ್ತವ್ಯ. ಹೋಟೆಲು ತೆರೆಯಲು ಹೊರಟ ತರುಣರಿಗೂ ಜಾರ್ಜ್ ಬೀದಿಯ ಲೆಕ್ಕವನ್ನು ಹೇಳಬೇಕು: ಗಿರಾಕಿಗೆ ರುಚಿ ಗೊತ್ತಿದ್ದರೆ ಸಾಲದು, ಅವನು ಮನೆಯಿಂದ ಹೊರಗೆ ಬಂದು ಉಣ್ಣಬೇಕು, ಅಲಂಕಾರಕ್ಕೆ ಮಾಡಿದ ಸಾಲವು ಅಡುಗೆಯ ಲಾಭವನ್ನು ತಿನ್ನುತ್ತದೆ.

ಮೊದಲು ಎತ್ತಿದ ಪ್ರಶ್ನೆಗೂ ಈಗ ಉತ್ತರಿಸಬಹುದು. ಕಂಪನಿಯ ಸುಬೇದಾರನು ತನ್ನ ಜನರ ಪ್ರತಿನಿಧಿಯಾಗಬಲ್ಲನೆ? ಕತ್ತಿ ಹಿಡಿದಿದ್ದಷ್ಟು ಕಾಲ ಆಗಲಿಲ್ಲ ಎಂದೇ ನಾವು ಹೇಳುತ್ತೇವೆ. ಪುಸ್ತಕ ಬರೆದಾಗ, ಎಲೆ ಹಾಕಿ ಬಡಿಸಿದವರಂತೆ ಪರಕೀಯರನ್ನು ತಮ್ಮ ಪಂಕ್ತಿಗೆ ಕರೆದಾಗ, ನೊಂದವರ ಮೈಗೆ ಕೈಯಿಟ್ಟಾಗ ಅವರು ಆ ಯೋಗ್ಯತೆಯನ್ನು ಸಂಪಾದಿಸಿದರು. ಯಾರೂ ಸನ್ನದು ಕೊಡದೆ, ಯಾರೂ ಸಂಬಳ ಕೊಡದೆ ಅದನ್ನು ಮಾಡಿದರು. ಕೀಮೋನನಂತೆ ಇಂಥವರನ್ನು ಎರಡೂ ಕಡೆಯವರು ಸಂದೇಹಿಸುವುದುಂಟು. ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಗೆ ಹೋಗಿ ಉಂಡು ಬಂದ ಪೇತ್ರನನ್ನೂ ಅವನ ಕಡೆಯವರು ಪ್ರಶ್ನಿಸದೆ ಬಿಡಲಿಲ್ಲ.

ನಮ್ಮ ಊರುಗಳಿಗೂ ಈಗ ಹೊರಗಿನವರು ಬರುತ್ತಿದ್ದಾರೆ. ಉತ್ತರ ಭಾರತದಿಂದ, ಈಶಾನ್ಯ ರಾಜ್ಯಗಳಿಂದ ಕೆಲಸ ಹುಡುಕಿ ಬಂದ ತರುಣರು ನಮ್ಮ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಾರೆ, ನಮ್ಮ ಮನೆಗಳಿಗೆ ಕಲ್ಲು ಹೊರುತ್ತಾರೆ. ಅವರಿಗೆ ಇಲ್ಲಿ ಕಾನ್ಸುಲರಿಲ್ಲ. ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರು, ಸಂಬಳ ನಿಂತಾಗ ಕೇಳುವವರು, ಹಬ್ಬದ ದಿನ ಒಂದು ತಟ್ಟೆ ಊಟಕ್ಕೆ ಕರೆಯುವವರು ಅವರಿಗೂ ಬೇಕು. ನಿವೃತ್ತ ಸೈನಿಕರೂ ಹೋಟೆಲಿನ ಯಜಮಾನರೂ ನಮ್ಮಲ್ಲಿ ಸಾಕಷ್ಟು ಮಂದಿ ಇರುವುದರಿಂದ, ಈ ಗೌರವ ಪದವಿಗೆ ಅಭ್ಯರ್ಥಿಗಳ ಕೊರತೆಯಿರಲಾರದೆಂದು ನಾವು ಆಶಿಸುತ್ತೇವೆ.